ಪಾಠಕ್ಕಲ್ಲ, ಸ್ಟೇಟಸ್‌ಗೆ ಬರುವ ನೋಟಿಸ್

ಬೆಳಗಾವಿಯ ಕಾಲೇಜುಗಳಲ್ಲಿ ಗಡಿ ವಿವಾದದ ಪಾಠ ಬಂದರೆ ಕೆಲವು ಉಪನ್ಯಾಸಕರ ದನಿ ತಾನಾಗಿಯೇ ತಗ್ಗುತ್ತದೆ. ಹಾಗೆ ತಗ್ಗಿಸಬೇಕೆಂದು ಯಾವ ಕಾನೂನೂ ಹೇಳಿಲ್ಲ. 1967ರ ಮಹಾಜನ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ, ಎರಡೂ ಕಡೆಯ ವಾದ, ಇವನ್ನು ದಾಖಲೆ ಸಮೇತ ಬಿಡಿಸಿ ಹೇಳುವುದೇ ಅವರ ಕೆಲಸ. ನೋಟಿಸ್ ಹಿಡಿದು ನನ್ನ ವಕೀಲಿ ಕಚೇರಿಗೆ ಬರುವ ಮೇಷ್ಟ್ರುಗಳಲ್ಲಿ ಪಾಠದಿಂದ ಸಿಕ್ಕಿಬಿದ್ದವರು ಕಡಿಮೆ. ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಸಿಕ್ಕಿಬಿದ್ದವರೇ ಹೆಚ್ಚು.

ಶೈಕ್ಷಣಿಕ ಸ್ವಾತಂತ್ರ್ಯವನ್ನು ಜರ್ಮನಿಯ ಸಂವಿಧಾನ ಹೆಸರಿಸಿಯೇ ಕೊಟ್ಟಿದೆ. ನಮ್ಮಲ್ಲಿ ಪ್ರಾಧ್ಯಾಪಕರಿಗೂ ಪಾನ್ ಅಂಗಡಿಯವರಿಗೂ ಇರುವುದು ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ ಅದೇ 19(1)(ಎ) ವಿಧಿ, ಅದಕ್ಕೆ ಅದೇ 19(2)ರ ಮಿತಿ. ಒಂದೇ ವ್ಯತ್ಯಾಸವೆಂದರೆ, ಪಾನ್ ಅಂಗಡಿಯವರಿಗೆ ನಡತೆ ನಿಯಮಗಳಿಲ್ಲ!

ಇಲ್ಲಿಂದ ಎರಡು ತಾಸಿನ ದಾರಿಯ ಕೊಲ್ಹಾಪುರ ಜಿಲ್ಲೆಯ ಪ್ರಾಧ್ಯಾಪಕರೊಬ್ಬರು 370ನೇ ವಿಧಿ ರದ್ದಾದ ಆಗಸ್ಟ್ 5 ಕರಾಳ ದಿನವೆಂದು ಸ್ಟೇಟಸ್ ಹಾಕಿದ್ದರು. ಗುಂಪುಗಳ ನಡುವೆ ದ್ವೇಷ ಬಿತ್ತುವುದನ್ನು ಶಿಕ್ಷಿಸುವ ಭಾರತೀಯ ದಂಡ ಸಂಹಿತೆಯ 153ಎ ಅಡಿ ಪ್ರಕರಣ ದಾಖಲಾಯಿತು, ಹೈಕೋರ್ಟ್ ರದ್ದುಪಡಿಸಲು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವಂತರ ಅಳತೆಯಲ್ಲಿ ನೋಡಬೇಕೇ ಹೊರತು ಸಣ್ಣದಕ್ಕೂ ಅಂಜುವವರ ಅಳತೆಯಲ್ಲಲ್ಲ ಎಂದಿತು.

ಈ ತೀರ್ಪು ಓದಿ ಸರ್ಕಾರಿ ಕಾಲೇಜಿನವರು ನಿರಾಳರಾಗುವುದು ನನಗೆ ಗಾಬರಿ ತರಿಸುತ್ತದೆ. ಅದು ಉಳಿಸುವುದು ಕ್ರಿಮಿನಲ್ ಕೇಸಿನಿಂದ ಮಾತ್ರ. ಸರ್ಕಾರದ ನೀತಿಯನ್ನು ಸಾರ್ವಜನಿಕವಾಗಿ ಟೀಕಿಸಬಾರದೆನ್ನುವ 2021ರ ರಾಜ್ಯ ನಡತೆ ನಿಯಮಗಳಡಿ ಇಲಾಖಾ ವಿಚಾರಣೆ ಬೇರೆಯೇ ನಡೆಯಬಹುದು. ಸರ್ಕಾರಿ ನೌಕರಿಗೆ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗುವುದಿಲ್ಲವೆಂದು ಕಾಮೇಶ್ವರ ಪ್ರಸಾದ್ ಪ್ರಕರಣ 1962ರಲ್ಲೇ ಹೇಳಿದೆ, ನಿಜ. ಆದರೆ ಆ ವಾದವನ್ನು ಸರ್ಕಾರಿ ನೌಕರರ ವ್ಯಾಜ್ಯ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಬೆಳಗಾವಿ ಪೀಠದ ಮುಂದಿಡುವ ಹೊತ್ತಿಗೆ ಅಮಾನತಾಗಿ ತಿಂಗಳುಗಳೇ ಕಳೆದಿರುತ್ತವೆ.

ಅತಿಥಿ ಉಪನ್ಯಾಸಕರ ಪಾಡು ಇನ್ನೂ ನಾಜೂಕು. ಅವರಿಗೆ ನೋಟಿಸೂ ಬರುವುದಿಲ್ಲ, ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಅಷ್ಟೇ. ತೆಗೆದುಹಾಕುವ ಆದೇಶದಲ್ಲಿ ನಡತೆಗೆ ಕಳಂಕ ಹಚ್ಚುವ ಒಂದು ವಾಕ್ಯವಿದ್ದರೂ ವಿಚಾರಣೆ ನಡೆಸಿಲ್ಲವೆಂದು ಪ್ರಶ್ನಿಸಬಹುದು. ಆದರೆ ಹಾಗೆ ಪ್ರಶ್ನಿಸಲು ಕೈಯಲ್ಲಿ ಬರಹ ಬೇಕು. ಹಾಗಾಗಿ ಬಾಯಿಮಾತಿನಲ್ಲಿ ‘ಬರಬೇಡಿ’ ಎಂದರೆ ಸುಮ್ಮನೆ ಮನೆಗೆ ಹೋಗಬೇಡಿ. ಕಾರಣ ಕೇಳಿ ಅದೇ ದಿನ ಪತ್ರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ.