ಐದು ಸಾವಿರ ಕ್ಯೂಸೆಕ್, ಸರಿ. ಎಷ್ಟು ದಿನ?

ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವನು ವಾದಕ್ಕೆ ಇಳಿಯಬಾರದು. ಕತ್ತಿ ಎದುರಿನವನ ಕೈಯಲ್ಲಿರುತ್ತದೆ.

2025ರ ಮೇ ತಿಂಗಳು. ಪಹಲ್ಗಾಮ್ ದಾಳಿ ಆಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಮಂಡ್ಯದಲ್ಲಿ ನಾನು ಯಾವಾಗಲೂ ಹೋಗುವ ಕಟಿಂಗ್ ಅಂಗಡಿಯಲ್ಲಿ ಟಿವಿ ಅರಚುತ್ತಿತ್ತು. ಅಂಗಡಿಯವನು ನನ್ನ ಗಲ್ಲ ಹಿಡಿದು ತಲೆ ಮೇಲಕ್ಕೆತ್ತಿ ಕೇಳಿದ: "ನೋಡುದ್ರಾ ಸಾ, ಸಿಂಧೂ ನದಿನೇ ನಿಲ್ಲಿಸ್ಬುಟ್ರು. ಅಷ್ಟ್ ದೊಡ್ ನದಿ ನಿಲ್ಲಿಸ್ದೋರ್ಗೆ ನಮ್ ಕಾವೇರಿ ನಿಲ್ಸಕಾಗಲ್ವಾ? ನೀವು ಇಂಜಿನಿಯರ್‌ಗಳೆಲ್ಲ ಏನ್ ಮಾಡ್ತಿದ್ರಿ?"

ಮೂವತ್ತು ವರ್ಷಕ್ಕಿಂತ ಜಾಸ್ತಿ ನೀರಾವರಿ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಈ ಪ್ರಶ್ನೆಯನ್ನು ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ, ಒಮ್ಮೆ ಸಾವಿನ ಮನೆಯಲ್ಲಿಯೂ ಕೇಳಿದ್ದಾರೆ. ಜನರಿಗೆ ಅಭಿಪ್ರಾಯ ಇರಬಾರದು ಅಂತ ನಾನು ಹೇಳುವುದಿಲ್ಲ. ನನಗೂ ಇದೆ, ಮುಂದೆ ಹೇಳುತ್ತೇನೆ. ನನಗೆ ತಲೆ ಕೆಡುವುದು ಬೇರೆ ಕಾರಣಕ್ಕೆ. ಕ್ಯೂಸೆಕ್ ಯಾವುದು, ಟಿಎಂಸಿ ಯಾವುದು ಅಂತ ಬೇರೆ ಮಾಡದೆ ಕಾವೇರಿಯಿಂದ ನೈಲ್ ನದಿ ತನಕ ತೀರ್ಪು ಕೊಟ್ಟುಬಿಡುತ್ತಾರಲ್ಲ, ಅದಕ್ಕೆ.

ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ. ಲೀಟರ್ ಲೆಕ್ಕದಲ್ಲಿ 28ಕ್ಕಿಂತ ಸ್ವಲ್ಪ ಜಾಸ್ತಿ. ಅದು ಹರಿವಿನ ವೇಗದ ಲೆಕ್ಕ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಅದು ನೀರಿನ ಮೊತ್ತ. ಎರಡೂ ಒಂದೇ ಅಲ್ಲ, ಒಂದರ ಹತ್ತಿರ ಒಂದೂ ಇಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದೇನೆ, ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ಹೇಳಿದ್ದೇನೆ. ಕೊನೆಗೆ ಅರ್ಥವಾಗಿದ್ದು ಕೂಲಿ ಲೆಕ್ಕದಲ್ಲಿ. ಕಬ್ಬು ಕಡಿಯಲು ಆಳು ಕರೆದಾಗ "ಕೂಲಿ ಆರುನೂರು" ಅಂದರೆ ಯಾರಾದರೂ ಜೇಬಿನಿಂದ ಅಷ್ಟೇ ತೆಗೆದು ಕೊಟ್ಟು ಸುಮ್ಮನಾಗುತ್ತಾರಾ? ದಿನಕ್ಕೆ ಆರುನೂರು. ಎಷ್ಟು ದಿನ ಅಂತ ಗೊತ್ತಾದ ಮೇಲೆ ತಾನೇ ಬಟವಾಡೆ ಎಷ್ಟು ಅಂತ ತಿಳಿಯೋದು? ಕ್ಯೂಸೆಕ್ ಕೂಲಿ. ಟಿಎಂಸಿ ಬಟವಾಡೆ.

2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ದಿನಕ್ಕೆ 5,000 ಕ್ಯೂಸೆಕ್‌ನಂತೆ ಹದಿನೈದು ದಿನ ತಮಿಳುನಾಡಿಗೆ ನೀರು ಬಿಡಿ ಅಂದಿತು. ಪತ್ರಿಕೆಯ ತಲೆಬರಹದಲ್ಲಿ 5,000 ದಪ್ಪಕ್ಷರದಲ್ಲಿ ಬಂತು, ಹದಿನೈದು ದಿನ ಒಳಗೆಲ್ಲೋ ಮೂಲೆಯಲ್ಲಿ. ನನ್ನ ಮೊಬೈಲಿಗೆ ಬಂದ ಒಂದು ಸಂದೇಶದಲ್ಲಂತೂ ಅದು ಐದು ಸಾವಿರ ಟಿಎಂಸಿ ಆಗಿತ್ತು! ಸ್ವಾಮಿ, ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, 124.80 ಅಡಿ ತುಂಬಿ ತುಳುಕಿದರೂ ಅದರಲ್ಲಿರುವುದು 49.45 ಟಿಎಂಸಿ. ಹೇಮಾವತಿ, ಹಾರಂಗಿ, ಕಬಿನಿ ಎಲ್ಲ ಸೇರಿಸಿದರೂ ಸುಮಾರು 114.

11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ಬಾಯಿಪಾಠ ಮಾಡಿಕೊಳ್ಳಿ, ಸಾಕು. 5,000ವನ್ನು ಹದಿನೈದರಿಂದ ಗುಣಿಸಿ ಇದರಿಂದ ಭಾಗಿಸಿದರೆ ಸುಮಾರು ಆರೂವರೆ ಟಿಎಂಸಿ. ಇದು ಸಣ್ಣದು ಅಂತ ನಾನು ಹೇಳುತ್ತಿಲ್ಲ. ತುಂಬಿದ ಕಟ್ಟೆಯಲ್ಲಿ ಅದು ಎಂಟರಲ್ಲಿ ಒಂದು ಪಾಲಿನಷ್ಟು. ಆ ವರ್ಷ ಕಟ್ಟೆ ಸುಮಾರು 100 ಅಡಿಯಲ್ಲಿತ್ತು. 100 ಅಡಿ ಅಂದರೆ ಮುಕ್ಕಾಲಿಗಿಂತ ಮೇಲಿದೆ ಅಂತ ಪೇಟೆಯವರು ತಿಳಿಯುತ್ತಾರೆ. ಕಟ್ಟೆ ಡ್ರಮ್ಮಿನ ಹಾಗಿಲ್ಲ, ಬಾಣಲೆಯ ಹಾಗಿದೆ. ಮೇಲಿನ ಇಪ್ಪತ್ತೈದು ಅಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ನೀರು ಇರುವುದು. ಹಾಗಾಗಿ ಆರೂವರೆ ಟಿಎಂಸಿ ಆಗ ದೊಡ್ಡ ಪೆಟ್ಟೇ. ಸರ್ ಎಂ.ವಿ. ಪ್ರತಿಮೆಯ ಮುಂದೆ ಧರಣಿ ಕೂತವರ ಸಿಟ್ಟು ನ್ಯಾಯವಾದದ್ದೇ. ಅವರ ಫಲಕದ ಮೇಲಿನ ಲೆಕ್ಕ ಮಾತ್ರ ತಪ್ಪಾಗಿತ್ತು. ಸರಿಯಾದ ಲೆಕ್ಕ ಬರೆದಿದ್ದರೂ ಸಿಟ್ಟಿಗೆ ಸಾಕಾಗುವಷ್ಟು ಕಾರಣ ಇತ್ತು. ಅದೇ ನನಗೆ ಬೇಸರ.

ಇನ್ನೊಂದು ವಿಷಯ. ಈ ನೀರನ್ನು ಅಳೆಯುವುದು ಕೆಆರ್‌ಎಸ್ ಗೇಟಿನಲ್ಲಿ ಅಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಹಾಲನ್ನು ಡೇರಿಯಲ್ಲಿ ಅಳೆಯುತ್ತಾರೆ, ಕೊಟ್ಟಿಗೆಯಲ್ಲಿ ಅಲ್ಲ, ಹಾಗೆ. ಕಬಿನಿಯಿಂದ ಬಂದದ್ದೂ, ನಡುವೆ ಶಿಂಷಾ, ಅರ್ಕಾವತಿಯಲ್ಲಿ ಮಳೆ ಬಂದು ಸೇರಿದ್ದೂ ಆ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ "ಆದೇಶ ಇಷ್ಟು, ಕಟ್ಟೆಯಿಂದ ಬಿಟ್ಟದ್ದು ಅಷ್ಟು, ಏನೋ ಮೋಸ ಇದೆ" ಅಂತ ಎರಡು ಸಂಖ್ಯೆ ಪಕ್ಕದಲ್ಲಿಟ್ಟು ಹೇಳಿದರೆ ಅರ್ಥವಿಲ್ಲ.

ಇದನ್ನೇ ಒಂದು ಟಿವಿ ವಾಹಿನಿಯವರಿಗೆ ನಾಲೆ ಏರಿಯ ಮೇಲೆ ನಿಂತು ಹತ್ತು ನಿಮಿಷ ಹೇಳಿದ್ದೆ. ರಾತ್ರಿ ಪ್ರಸಾರವಾಗಿದ್ದು ನನ್ನ ಒಂದೇ ವಾಕ್ಯ: "ನೀರು ಬಿಡಬಹುದು." ಅದರ ಹಿಂದಿದ್ದ "ಜೋರು ಮಳೆ ಬಂದರೆ" ಹೋಗಿತ್ತು. ಮಾರನೆಯ ದಿನ ನನ್ನ ಹೆಂಡತಿಯ ತಮ್ಮನೇ ಫೋನ್ ಮಾಡಿ, "ಏನ್ ಬಾವ, ತಮಿಳುನಾಡಿನ ಕಡೆ ಸೇರ್ಕೊಂಡ್ರಾ?" ಅಂದ. ಅಂದಿನಿಂದ ಮೈಕ್ ಕಂಡರೆ ನಾನು ಗದ್ದೆ ಕಡೆ ನಡೆಯುತ್ತೇನೆ.

ಈಗ ಕಟಿಂಗ್ ಅಂಗಡಿಯ ಪ್ರಶ್ನೆಗೆ ಬರೋಣ.

ಸಿಂಧೂ ಒಪ್ಪಂದ ಆಗಿದ್ದು 1960ರ ಸೆಪ್ಟೆಂಬರ್ 19ರಂದು, ಕರಾಚಿಯಲ್ಲಿ. ವಿಶ್ವಬ್ಯಾಂಕ್ ನಡುವೆ ನಿಂತು ಮಾಡಿಸಿದ್ದು. ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೇಲಂ, ಚಿನಾಬ್ ಬಹುಪಾಲು ಪಾಕಿಸ್ತಾನಕ್ಕೆ. ಈ ಮೂರು ಪಶ್ಚಿಮದ ನದಿಗಳಲ್ಲಿ ವರ್ಷಕ್ಕೆ ಸರಾಸರಿ 135 ದಶಲಕ್ಷ ಎಕರೆ ಅಡಿ ನೀರು ಅಂತ ಹೇಳುತ್ತಾರೆ. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 5,900 ಟಿಎಂಸಿ. ಅಂದರೆ ನೂರಾ ಹದಿನೆಂಟು, ನೂರಾ ಹತ್ತೊಂಬತ್ತು ಕನ್ನಂಬಾಡಿ. 2025ರ ಏಪ್ರಿಲ್ 23ರಂದು ಭಾರತ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಕಾಗದ ಅಮಾನತಿನಲ್ಲಿ ಇಡಬಹುದು. ನೀರನ್ನು ಎಲ್ಲಿಡುವುದು?

ಚಿನಾಬ್ ಮೇಲಿನ ಬಗ್ಲಿಹಾರ್ ಗೇಟು ಮುಚ್ಚಿದ್ದನ್ನು ಟಿವಿಯಲ್ಲಿ ತೋರಿಸಿದರಲ್ಲ, ಅದು ಹರಿವ ನೀರಿನಲ್ಲಿ ವಿದ್ಯುತ್ ಮಾಡುವ ಕಟ್ಟೆ. ಅದರಲ್ಲಿ ಆಟ ಆಡಿಸಬಹುದಾದ ನೀರು ಎಷ್ಟಿರಬೇಕು ಅಂತಲೇ ಎರಡು ದೇಶಗಳ ನಡುವೆ ಜಗಳವಾಗಿ, 2007ರಲ್ಲಿ ತಟಸ್ಥ ತಜ್ಞರು 32.56 ದಶಲಕ್ಷ ಘನ ಮೀಟರ್ ಅಂತ ತೀರ್ಮಾನ ಕೊಟ್ಟರು. ಅದು ಒಂದು ಟಿಎಂಸಿಗಿಂತ ಚೂರು ಜಾಸ್ತಿ. ನದಿಯಲ್ಲಿ 30,000 ಕ್ಯೂಸೆಕ್ ಬರುತ್ತಿದೆ ಅಂದುಕೊಳ್ಳಿ. ಅಷ್ಟು ಜಾಗ ಹನ್ನೊಂದು ಗಂಟೆಯೊಳಗೆ ಭರ್ತಿ. ಕಟ್ಟೆಯನ್ನು ತಳದವರೆಗೆ ಖಾಲಿ ಮಾಡಿ ತುಂಬಿಸಿದರೂ ಒಂದು ವಾರದ ಮಾತು. ಆಮೇಲೆ ಗೇಟು ತೆಗೆಯಲೇಬೇಕು. ಮುಚ್ಚಿದ್ದೂ ನಿಜ, ಕೆಳಗೆ ನದಿ ಒಣಗಿದ್ದೂ ನಿಜ. ಆದರೆ ಎಷ್ಟು ದಿನ? ಅದೇ ಪ್ರಶ್ನೆ.

ಹಾಗಾದರೆ ಅಮಾನತು ಬರೀ ಮಾತಾ? ಅಲ್ಲ. ಹರಿವಿನ ಮಾಹಿತಿ ಕೊಡದೇ ಇರುವುದು, ಹೂಳು ತೆಗೆಯಲು ಬೇಕಾದಾಗ ಗೇಟು ಎತ್ತುವುದು, ಹೊಸ ಕಟ್ಟೆಗಳ ಕೆಲಸ ಚುರುಕು ಮಾಡುವುದು, ಇವೆಲ್ಲ ಕೆಳಗಿನವರಿಗೆ ತಾಗುತ್ತವೆ. ಬಿತ್ತನೆ ಹೊತ್ತಿಗೆ ನಾಲ್ಕು ದಿನ ನೀರು ಹಿಂದುಮುಂದಾದರೆ ಏನಾಗುತ್ತದೆ ಅಂತ ಭತ್ತದ ಒಟ್ಟಲು (ಸಸಿ ಮಡಿ) ಬಿಟ್ಟವರಿಗೆ ನಾನು ಹೇಳಬೇಕಾಗಿಲ್ಲ. ದಾಳಿಯ ಮರುದಿನ ಸರ್ಕಾರ ಏನೂ ಮಾಡದೆ ಕೂರಲು ಆಗುತ್ತಿರಲಿಲ್ಲ ಅನ್ನುವುದೂ ನನಗೆ ಅರ್ಥವಾಗುತ್ತದೆ. ಅದು ರಾಜತಾಂತ್ರಿಕರ ಕ್ಷೇತ್ರ, ನಾನು ಅದರಲ್ಲಿ ಪಂಡಿತನಲ್ಲ. ಆದರೆ "ನದಿ ನಿಲ್ಲಿಸಿದೆವು" ಅನ್ನುವ ಮಾತಿಗೆ ನಾನು ಸಹಿ ಹಾಕಲಾರೆ.

ಇಲ್ಲೊಂದು ಹಳೆಯ ಕಥೆ ನೆನಪಾಗುತ್ತದೆ. ತೊಂಬತ್ತರ ದಶಕದಲ್ಲಿ ಮದ್ದೂರು ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಉಪನಾಲೆ ನನ್ನ ಸುಪರ್ದಿಯಲ್ಲಿತ್ತು. ಮೇಲಿನ ಊರಿನವರು ರಾತ್ರಿ ಮರಳಿನ ಮೂಟೆ ಅಡ್ಡ ಹಾಕಿ ನೀರನ್ನು ತಮ್ಮ ತೂಬಿಗೆ ತಿರುಗಿಸಿಕೊಳ್ಳುತ್ತಿದ್ದರು. ಕೊನೆ ಭಾಗದ ಊರಿನವರು ದೊಣ್ಣೆ ಹಿಡಿದು ಬರುತ್ತಿದ್ದರು. ನಡುವೆ ನಾನು, ನಾಲೆ ನೀರು ನೋಡಿಕೊಳ್ಳುವ ಒಬ್ಬ ಸೌಡಿ, ಒಂದು ಟಾರ್ಚು. ಮೇಲಿನ ಊರಿನ ಯಜಮಾನರೊಬ್ಬರು ಏರಿ ಮೇಲೆ ಕೂತು ತಣ್ಣಗೆ ಹೇಳಿದರು: "ನಮ್ಮೂರ್ ಮುಂದೆ ಹೋಗೋ ನೀರು ನಮ್ದಲ್ದೆ ಇನ್ಯಾರ್ದು ಬುದ್ಧಿ?" ಎರಡು ವರ್ಷ ಕಳೆಯಿತು. ಅದೇ ಯಜಮಾನರು ಅರ್ಜಿ ಹಿಡಿದು ಆಫೀಸಿಗೆ ಬಂದರು. ಮೇಲಿನವರು ನೀರು ಕದಿಯುತ್ತಾರೆ, ಕೊನೆ ಭಾಗಕ್ಕೆ ನ್ಯಾಯ ಕೊಡಿಸಿ ಅಂತ. ಮಗಳನ್ನು ಕೊನೆ ಊರಿಗೆ ಕೊಟ್ಟಿದ್ದರು! ನಾನು ನಕ್ಕೆ. ಅವರೂ ನಕ್ಕರು. ಅರ್ಜಿ ಮಾತ್ರ ವಾಪಸ್ ತಗೊಳ್ಳಲಿಲ್ಲ.

ನಾವೆಲ್ಲ ಆ ಯಜಮಾನರೇ. ಕಾವೇರಿಯಲ್ಲಿ ನಾವು ಮೇಲಿನವರು, ಮಹದಾಯಿಯಲ್ಲೂ ಮೇಲಿನವರು. ಕೃಷ್ಣೆಯಲ್ಲಿ ಮಹಾರಾಷ್ಟ್ರಕ್ಕೆ ಕೆಳಗಿನವರು, ಆಂಧ್ರ ತೆಲಂಗಾಣಕ್ಕೆ ಮೇಲಿನವರು. ಹೇಮಾವತಿ ನೀರಿಗೆ ತುಮಕೂರಿನವರೂ ಮಾಗಡಿ ಕಡೆಯವರೂ ಜಗಳ ಆಡುವಾಗ ಇಬ್ಬರೂ ಕನ್ನಡದಲ್ಲೇ ಬೈದಾಡುತ್ತಾರೆ. ಸಿಂಧೂವಿನಲ್ಲಿ ಮೇಲೆ ಕೂತು ಮೀಸೆ ತಿರುವುತ್ತೇವೆ. ಚೀನಾ 2025ರ ಜುಲೈನಲ್ಲಿ ಟಿಬೆಟ್‌ನಲ್ಲಿ ಬ್ರಹ್ಮಪುತ್ರದ ಮೇಲ್ಭಾಗಕ್ಕೆ ದೊಡ್ಡ ಯೋಜನೆ ಶುರು ಮಾಡಿದಾಗ "ಕೆಳಗಿನವರ ಹಕ್ಕು" ನೆನಪಾಗುತ್ತದೆ.

ನೈಲ್ ಕಥೆ ಕೇಳಿದರೆ ಮಂಡ್ಯದವರಿಗೆ ಪಕ್ಕದ ಮನೆ ಕಥೆ ಅನ್ನಿಸುತ್ತದೆ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ನೀರು ಹಂಚಿಕೊಂಡವು. 55.5 ಶತಕೋಟಿ ಘನ ಮೀಟರ್ ಈಜಿಪ್ಟ್‌ಗೆ, 18.5 ಸುಡಾನ್‌ಗೆ. ಮೇಲಿರುವ ಇಥಿಯೋಪಿಯಾವನ್ನು ಯಾರೂ ಕರೆಯಲಿಲ್ಲ. ಅದು 2011ರಲ್ಲಿ ಕಟ್ಟಲು ಶುರು ಮಾಡಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿದ ಕಟ್ಟೆಯಲ್ಲಿ 74 ಶತಕೋಟಿ ಘನ ಮೀಟರ್, ಅಂದರೆ 2,600 ಟಿಎಂಸಿ ಹಿಡಿಯುತ್ತದೆ. ಐವತ್ತಕ್ಕಿಂತ ಜಾಸ್ತಿ ಕನ್ನಂಬಾಡಿ. ಈಜಿಪ್ಟ್ ಹಳೆಯ ಒಪ್ಪಂದ ತೋರಿಸುತ್ತದೆ. 1892, 1924ರ ಮೈಸೂರು-ಮದ್ರಾಸ್ ಕಾವೇರಿ ಒಪ್ಪಂದ ಬೈದು ಬೆಳೆದ ನನಗೆ ಇಥಿಯೋಪಿಯಾ ಕಡೆಗೆ ಮನಸ್ಸು ವಾಲುತ್ತದೆ, ಮುಚ್ಚಿಡುವುದಿಲ್ಲ. ಆದರೂ ವೃತ್ತಿಯ ಮನುಷ್ಯನಾಗಿ ನನಗೆ ಬೇಕಾದ ಉತ್ತರ ಒಂದೇ. ಸತತ ಬರ ಬಂದಾಗ ದಿನಕ್ಕೆ ಎಷ್ಟು ಬಿಡುತ್ತೀರಿ? ಅಲ್ಲಿ ಅದಕ್ಕೇ ಸಹಿ ಬಿದ್ದಿಲ್ಲ.

ಇಲ್ಲೂ ಅದೇ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಕೊಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ತಿಂಗಳ ಲೆಕ್ಕವೂ ಇದೆ. ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76. ಇದು ಒಳ್ಳೆಯ ವರ್ಷದ ಲೆಕ್ಕ. ಒಳ್ಳೆಯ ವರ್ಷದಲ್ಲಿ ಜಗಳವೇ ಇಲ್ಲವಲ್ಲ! 2024ರ ಜುಲೈ ಕೊನೆಯಲ್ಲಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್ ಮೀರಿ ಹೋಯಿತು. ದಿನಕ್ಕೆ ಎಂಟೂವರೆ ಟಿಎಂಸಿ. ಆಗ ಶ್ರೀರಂಗಪಟ್ಟಣದ ಸೇತುವೆ ಹತ್ತಿರ ಸೆಲ್ಫಿ ತೆಗೆದರು. ಧರಣಿ ಯಾರೂ ಕೂರಲಿಲ್ಲ. ಕೆಟ್ಟ ವರ್ಷದಲ್ಲಿ ಕೊರತೆಯನ್ನು ಪಾಲಿನಂತೆ ಹಂಚಿಕೊಳ್ಳಿ ಅನ್ನುವ ತತ್ವ ಇದೆ. ಯಾವ ವಾರ, ಎಷ್ಟು ಒಳಹರಿವಿಗೆ, ಎಷ್ಟು ಕ್ಯೂಸೆಕ್ ಅನ್ನುವ ಎರಡೂ ಕಡೆ ಒಪ್ಪಿದ ಪಟ್ಟಿ ಇಲ್ಲ. ಅದಕ್ಕೇ ಪ್ರತಿ ಬರದಲ್ಲೂ ಕೋರ್ಟು, ಬಂದ್.

ಅಂಥ ಪಟ್ಟಿ ಮಾಡಲು ಆಗುವುದೇ ಇಲ್ಲ ಅನ್ನುವವರಿಗೆ ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡ ಕಟ್ಟಿದ ಫರಕ್ಕಾ ತೋರಿಸುತ್ತೇನೆ. 1996ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಜೊತೆ ಮಾಡಿಕೊಂಡ ಗಂಗಾ ಒಪ್ಪಂದದಲ್ಲಿ ಜನವರಿಯಿಂದ ಮೇ ತನಕ ಹತ್ತು ಹತ್ತು ದಿನದ ಲೆಕ್ಕ ಇದೆ. ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 75,000 ತನಕ ಅವರಿಗೆ 35,000, ಉಳಿದದ್ದು ನಮಗೆ. ಅದಕ್ಕೂ ಮೇಲಿದ್ದರೆ ನಮಗೆ 40,000, ಉಳಿದದ್ದು ಅವರಿಗೆ. ಅದರಲ್ಲೂ ತಕರಾರುಗಳಿವೆ, 2026ರ ಡಿಸೆಂಬರ್‌ಗೆ ಅದರ ಮೂವತ್ತು ವರ್ಷವೂ ಮುಗಿಯುತ್ತದೆ. ಆದರೆ ಹರಿವು ಎಷ್ಟು, ಎಷ್ಟು ದಿನಕ್ಕೆ, ಎಲ್ಲಿ ಅಳೆಯಬೇಕು, ಮೂರೂ ಬರೆದಿದ್ದಾರೆ. ಬೇರೆ ದೇಶದ ಜೊತೆ ಸಾಧ್ಯವಾದದ್ದು ಹೊಸೂರಿನ ಆಚೆಯವರ ಜೊತೆ ಯಾಕೆ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ. ಮಾಡುವುದಾದರೆ ಕಟ್ಟೆ ತುಂಬಿದ ವರ್ಷವೇ ಮಾಡಬೇಕು. 2025ರಲ್ಲಿ ಕೆಆರ್‌ಎಸ್ ಜೂನ್ ತಿಂಗಳಲ್ಲೇ ತುಂಬಿತು. ಬಾಗಿನ ಕೊಟ್ಟೆವು, ಹೋಳಿಗೆ ತಿಂದೆವು.

ಮೇಕೆದಾಟು ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಚಿಕ್ಕದಾಗಿ ಹೇಳುತ್ತೇನೆ. ಕಟ್ಟಬೇಕು ಅಂತಿರುವ 67 ಟಿಎಂಸಿಯ ಆ ಕಟ್ಟೆ ಕನಕಪುರದ ಕೆಳಗೆ, ಮಂಡ್ಯಕ್ಕಿಂತ ತಗ್ಗಿನಲ್ಲಿ. ಅಲ್ಲಿಂದ ನಿಮ್ಮ ಗದ್ದೆಗೆ ನೀರು ಹತ್ತಿ ಬರುವುದಿಲ್ಲ. ಗಡಿಗೆ ಕೊಡುವ ನೀರನ್ನು ಅಲ್ಲಿಂದ ಕೊಟ್ಟು ಕನ್ನಂಬಾಡಿಯದ್ದನ್ನು ಉಳಿಸಿಕೊಳ್ಳಬಹುದು, ಮಂಡ್ಯಕ್ಕೆ ಲಾಭ ಅಷ್ಟೇ. ಕಾಡು ಮುಳುಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾನು ಪೂರ್ತಿ ಪರವೂ ಅಲ್ಲ, ವಿರೋಧವೂ ಅಲ್ಲ. ಬೈಯುವವರು ಬೈಯಬಹುದು.

ಇದಿಷ್ಟನ್ನೂ ಆ ಕಟಿಂಗ್ ಅಂಗಡಿಯವನಿಗೆ ಕಂತಿನಲ್ಲಿ ಹೇಳಿದ್ದೇನೆ, ತಿಂಗಳಿಗೊಂದು ಕ್ಷೌರ, ತಿಂಗಳಿಗೊಂದು ಪಾಠ. ಹೋದ ಸಲ ಪರೀಕ್ಷೆ ಮಾಡೋಣ ಅಂತ ಕೇಳಿದೆ: "ಐದು ಸಾವಿರ ಕ್ಯೂಸೆಕ್, ಹದಿನೈದು ದಿನ. ಎಷ್ಟಪ್ಪಾ?"

ಅವನು ಬ್ಲೇಡು ಬದಲಾಯಿಸುತ್ತಾ ಥಟ್ ಅಂತ ಹೇಳಿದ: "ಆರೂವರೆ ಟಿಎಂಸಿ ಸಾ." ನನಗೆ ಖುಷಿಯಾಯಿತು. ಅವನು ನನ್ನ ಕಿವಿ ಮಡಿಸಿ ಹಿಡಿದು ಮುಂದುವರಿಸಿದ. "ಆದ್ರೂ ಒಂದ್ ತೊಟ್ಟೂ ಬುಡಬಾರ್ದು ಕನ್ರೀ."