ಧನ ವಿಧೇಯಕ: ‘ಮಾತ್ರ’ ಎಂಬ ಪದದ ಸುತ್ತಲಿನ ವಿವಾದ

ಸಂಸತ್ತಿನ ವರದಿಗಳಲ್ಲಿ ‘ಹಣಕಾಸು ಮಸೂದೆ’ ಎಂಬ ಒಂದೇ ಹೆಸರು ಎರಡು ಅರ್ಥಗಳಲ್ಲಿ ಬಳಕೆಯಾಗುವುದರಿಂದ ಓದುಗರಿಗೆ ಗೊಂದಲವಾಗುವುದು ಸಹಜ. ಬಜೆಟ್ಟಿನ ತೆರಿಗೆ ಪ್ರಸ್ತಾವಗಳಿಗೆ ಕಾನೂನಿನ ಬಲ ಕೊಡಲು ಪ್ರತಿವರ್ಷ ಮಂಡನೆಯಾಗುವುದು ಹಣಕಾಸು ಮಸೂದೆ. ಸಂವಿಧಾನದ 110ನೇ ವಿಧಿ ವ್ಯಾಖ್ಯಾನಿಸುವುದು ಧನ ವಿಧೇಯಕವನ್ನು. ಮಸೂದೆ, ವಿಧೇಯಕ ಎಂಬವು ಒಂದೇ ವಸ್ತುವಿನ ಎರಡು ಹೆಸರುಗಳು. ಸದನದ ಮುಂದಿರುವ ಆ ಕರಡಿಗೆ ಉಭಯ ಸದನಗಳ ಒಪ್ಪಿಗೆ ಮತ್ತು ರಾಷ್ಟ್ರಪತಿಯವರ ಅಂಕಿತ ದೊರೆತರೆ ಅದು ಅಧಿನಿಯಮವಾಗುತ್ತದೆ.

ಆದರೆ ಧನ ವಿಧೇಯಕಕ್ಕೆ ರಾಜ್ಯಸಭೆಯ ಒಪ್ಪಿಗೆ ಬೇಕಿಲ್ಲ. 109ನೇ ವಿಧಿಯಂತೆ ರಾಜ್ಯಸಭೆ ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು. ತಿದ್ದುಪಡಿಗಳನ್ನು ಶಿಫಾರಸು ಮಾಡಬಹುದಾದರೂ ಅವನ್ನು ಒಪ್ಪುವುದೂ ಬಿಡುವುದೂ ಲೋಕಸಭೆಯ ಇಚ್ಛೆ. ಸಾಧಾರಣ ಮಸೂದೆಯ ಬಗ್ಗೆ ಸದನಗಳಲ್ಲಿ ಭಿನ್ನಾಭಿಪ್ರಾಯ ಬಂದಾಗ ಕರೆಯಬಹುದಾದ ಜಂಟಿ ಅಧಿವೇಶನಕ್ಕೂ ಇಲ್ಲಿ ಅವಕಾಶವಿಲ್ಲ.

ಈ ಏರ್ಪಾಡಿನ ಬೇರು ಬ್ರಿಟನ್ನಿನಲ್ಲಿದೆ. ಅಲ್ಲಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ಮಂಡಿಸಿದ 1909ರ ಬಜೆಟ್ಟನ್ನು ಶ್ರೀಮಂತ ಭೂಮಾಲೀಕರೇ ತುಂಬಿದ್ದ ಮೇಲ್ಮನೆಯಾದ ಲಾರ್ಡ್ಸ್ ಸಭೆ ತಿರಸ್ಕರಿಸಿದ್ದರಿಂದ ಎದ್ದ ಬಿಕ್ಕಟ್ಟು 1911ರ ಸಂಸತ್ ಕಾಯ್ದೆಯಲ್ಲಿ ಕೊನೆಗೊಂಡಿತು. ಧನ ವಿಧೇಯಕವನ್ನು ಒಂದು ತಿಂಗಳಿಗಿಂತ ಹೆಚ್ಚು ತಡೆಹಿಡಿಯುವ ಅಧಿಕಾರವನ್ನು ಅದು ಮೇಲ್ಮನೆಯಿಂದ ಕಿತ್ತುಕೊಂಡಿತು. ಜನರಿಂದ ಆಯ್ಕೆಯಾಗದವರು ಜನರ ತೆರಿಗೆಯ ವಿಷಯದಲ್ಲಿ ಅಡ್ಡಿಯಾಗಬಾರದೆಂಬ ಆ ಕಾಳಜಿ ನ್ಯಾಯವಾದದ್ದೇ ಆಗಿತ್ತು. ನಮ್ಮ ರಾಜ್ಯಸಭೆಯಾದರೋ ವಂಶಪಾರಂಪರ್ಯದ ಸಭೆಯಲ್ಲ. ಅದರ ಬಹುಪಾಲು ಸದಸ್ಯರನ್ನು ರಾಜ್ಯಗಳ ಶಾಸಕರು ಆರಿಸುತ್ತಾರೆ. ಆದ್ದರಿಂದಲೇ ಈ ವಿನಾಯಿತಿ ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದು ರಾಜ್ಯಗಳ ದನಿಯ ಪ್ರಶ್ನೆಯೂ ಹೌದು.

ಅದಕ್ಕೆ ಸಂವಿಧಾನ ಹಾಕಿದ ಬೇಲಿ ‘ಮಾತ್ರ’ ಎಂಬ ಪದ. ತೆರಿಗೆ, ಸರ್ಕಾರದ ಸಾಲ, ಸಂಚಿತ ನಿಧಿಯ (ಸರ್ಕಾರದ ಮುಖ್ಯ ಖಜಾನೆಯ) ವೆಚ್ಚ ಮುಂತಾದ, 110ನೇ ವಿಧಿ ಹೆಸರಿಸಿದ ವಿಷಯಗಳನ್ನು ಮಾತ್ರ ಒಳಗೊಂಡಿರುವುದೇ ಧನ ವಿಧೇಯಕ. ಸಂದೇಹ ಬಂದರೆ ಲೋಕಸಭಾ ಸ್ಪೀಕರ್ ಅವರ ನಿರ್ಣಯವೇ ಅಂತಿಮವೆಂದು ಅದೇ ವಿಧಿ ಹೇಳುತ್ತದೆ.

ಈ ಬೇಲಿ ಪರೀಕ್ಷೆಗೊಳಗಾದದ್ದು ಆಧಾರ್ ವಿಷಯದಲ್ಲಿ. ಆಧಾರ್ ನೀಡುವ ಗುರುತಿನ ಪ್ರಾಧಿಕಾರದ ಮಸೂದೆ 2010ರಲ್ಲಿ ಸಾಧಾರಣ ಮಸೂದೆಯಾಗಿ ರಾಜ್ಯಸಭೆಯಲ್ಲೇ ಮಂಡನೆಯಾಗಿತ್ತು. 2016ರ ಮಾರ್ಚ್‌ನಲ್ಲಿ ಆಧಾರ್ ಮಸೂದೆ ಧನ ವಿಧೇಯಕವಾಗಿ ಬಂತು. ರಾಜ್ಯಸಭೆ ಸೂಚಿಸಿದ ಐದು ತಿದ್ದುಪಡಿಗಳನ್ನು ಲೋಕಸಭೆ ಅದೇ ದಿನ ತಳ್ಳಿಹಾಕಿತು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಅದನ್ನು 4:1ರ ಬಹುಮತದಿಂದ ಧನ ವಿಧೇಯಕವೆಂದೇ ಒಪ್ಪಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮಸೂದೆಯನ್ನು ಹೀಗೆ ಧನ ವಿಧೇಯಕವಾಗಿ ಅಂಗೀಕರಿಸಿದ್ದನ್ನು ಸಂವಿಧಾನಕ್ಕೆ ಎಸಗಿದ ವಂಚನೆ ಎಂದು ಕರೆದರು.

ಧನ ವಿಧೇಯಕವಾಗಿಯೇ ಅಂಗೀಕಾರವಾದ 2017ರ ಹಣಕಾಸು ಅಧಿನಿಯಮದ ಮೂಲಕ ನ್ಯಾಯಮಂಡಳಿಗಳ (ನಿರ್ದಿಷ್ಟ ಬಗೆಯ ವಿವಾದಗಳನ್ನು ತೀರ್ಮಾನಿಸುವ ಸಂಸ್ಥೆಗಳ) ಸ್ವರೂಪವನ್ನೇ ಬದಲಿಸಿದ್ದು ಪ್ರಶ್ನೆಗೊಳಗಾದಾಗ, 2019ರ ನವೆಂಬರ್ 13ರಂದು ಐವರು ನ್ಯಾಯಮೂರ್ತಿಗಳ ಮತ್ತೊಂದು ಪೀಠ, ಆಧಾರ್ ತೀರ್ಪಿನ ಬಹುಮತವು ‘ಮಾತ್ರ’ ಎಂಬ ಪದದ ಪರಿಣಾಮವನ್ನು ಸಾಕಷ್ಟು ಚರ್ಚಿಸಿಲ್ಲವೆಂದು ಗುರುತಿಸಿ, ಧನ ವಿಧೇಯಕದ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು.