ಬೀಳದಿರಲು ಓಲಾಡಬೇಕು

ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಹಿಮ್ಮಡಿ, ಪಾದದ ಅಂಚು, ಕಾಲ್ಬೆರಳು ಎಲ್ಲವೂ ಒಟ್ಟಿಗೆ ಗಾಬರಿಬಿದ್ದಂತೆ ಕೆಲಸಕ್ಕಿಳಿಯುತ್ತವೆ. ಎರಡು ಕಾಲಲ್ಲಿ ನಿಂತಾಗಲೂ ನಡೆಯುವುದು ಇದೇ, ಗೊತ್ತಾಗುವುದಿಲ್ಲ ಅಷ್ಟೆ. ದೇಹ ಸದಾ ಚೂರು ವಾಲುತ್ತದೆ, ಚೂರು ಸಾವರಿಸಿಕೊಳ್ಳುತ್ತದೆ.

ಇದಕ್ಕಾಗಿ ಮಿದುಳು ಮೂರು ಕಡೆಯಿಂದ ಸುದ್ದಿ ತರಿಸಿಕೊಳ್ಳುತ್ತದೆ: ಕಣ್ಣು, ತಲೆ ಎತ್ತ ವಾಲಿದೆ ಎಂದು ಗುರುತಿಸುವ ಒಳಗಿವಿ, ಮತ್ತು ಸ್ನಾಯು-ಕೀಲು-ಅಂಗಾಲು. ಎಳೆಯ ಮಕ್ಕಳು ಕಣ್ಣನ್ನೇ ಹೆಚ್ಚು ನಂಬುತ್ತಾರೆ. 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬ ಸಂಶೋಧಕರು, ನೆಲ ಅಲುಗದೆ ಗೋಡೆಗಳಷ್ಟೇ ಸರಿಯುವ ಕೋಣೆಯೊಂದರಲ್ಲಿ ಆಗಷ್ಟೇ ನಡೆಯಲು ಕಲಿತ ಕೂಸುಗಳನ್ನು ನಿಲ್ಲಿಸಿದರು. ಗೋಡೆ ಸರಿದಾಗ, ತಾವೇ ವಾಲುತ್ತಿದ್ದೇವೆಂದು ಕಣ್ಣು ಹೇಳಿದ್ದನ್ನು ನಂಬಿ ಕೂಸುಗಳು ತೂರಾಡಿದವು, ಕೆಲವು ಬಿದ್ದೇಬಿಟ್ಟವು. ಮೂರು ಸುದ್ದಿಗಳಲ್ಲಿ ಯಾವುದನ್ನು ಯಾವಾಗ ನಂಬಬೇಕೆಂಬ ವಿವೇಕ ಬಲಿಯಲು ವರ್ಷಗಳೇ ಹಿಡಿಯುತ್ತವೆ.

ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇರುವವರ ಮಾತು ಒಂದು. ಇನ್ನು ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಚಲನೆಯ ಸಮನ್ವಯದ ತೊಂದರೆ ಇರುತ್ತದೆ. ಮೆಟ್ಟಿಲಲ್ಲಿ ಎಡವುವ, ಚೆಂಡು ಒದೆಯಲು ಹೋಗಿ ತಾನೇ ಬೀಳುವ ಇಂಥ ಮಗುವಿಗೆ ಸಿಗುವುದು 'ಸೋಮಾರಿ', 'ಗಮನವೇ ಇಲ್ಲ' ಎಂಬ ಬಿರುದು. ಸೋಮಾರಿತನ ಎಲ್ಲಿ ಬಂತು? ಹೆದರಿಕೆಗೆ ಅದು ಮಂಡಿ, ಸೊಂಟವನ್ನೆಲ್ಲ ಬಿಗಿಹಿಡಿದು ಉಳಿದವರಿಗಿಂತ ಹೆಚ್ಚೇ ದುಡಿಯುತ್ತಿರುತ್ತದೆ. ಆದರೆ ಬಿಗಿದ ಕಾಲಿಗೆ ಸಾವರಿಸಿಕೊಳ್ಳಲು ಬರುವುದಿಲ್ಲ. (ಮೊದಲು ಬರುತ್ತಿದ್ದ ನಡಿಗೆಯೇ ಕೆಡುತ್ತ ಬಂದರೆ ಮಾತು ಬೇರೆ. ಆಗ ವ್ಯಾಯಾಮವನ್ನು ಬದಿಗಿಟ್ಟು ತಡಮಾಡದೆ ವೈದ್ಯರಿಗೆ ತೋರಿಸಬೇಕು.)

ಕಲಿಸುವುದು ಹೇಗೆ? ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ತಪ್ಪಲ್ಲ, ಆದರೆ ಹಲಗೆಯ ಮೇಲೆ ನಿಂತು ಕಲಿತದ್ದು ಮುಖ್ಯವಾಗಿ ಹಲಗೆಯ ಮೇಲೆ ನಿಲ್ಲುವುದನ್ನೇ. ಮಗುವಿಗೆ ಮೆಟ್ಟಿಲು ಇಳಿಯಬೇಕಿದ್ದರೆ ಮೆಟ್ಟಿಲಲ್ಲೇ ಅಭ್ಯಾಸವಾಗಲಿ. ಮೊದಲು ಗಿಡ್ಡ ಮೆಟ್ಟಿಲು, ಆಮೇಲೆ ಎತ್ತರದ್ದು, ಆಮೇಲೆ ಕೈಯಲ್ಲೊಂದು ಆಟಿಕೆ ಹಿಡಿದು. ಹೀಗೆ ಬದಲಿಸುತ್ತ ಹೋಗುವುದರಲ್ಲೇ ಗುಟ್ಟಿದೆ. ರಷ್ಯಾದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಕಮ್ಮಾರರ ಸುತ್ತಿಗೆಯೇಟನ್ನು ಚಿತ್ರೀಕರಿಸಿ ನೋಡಿದರು. ಪಳಗಿದ ಕೈ ಕೂಡ ಪ್ರತಿ ಏಟಿಗೂ ತುಸು ಬೇರೆ ದಾರಿ ಹಿಡಿಯುತ್ತಿತ್ತು. ಏಟು ಮಾತ್ರ ಗುರಿ ತಪ್ಪುತ್ತಿರಲಿಲ್ಲ. ಪಳಗುವುದೆಂದರೆ ಒಂದೇ ಚಲನೆಯನ್ನು ಉರುಹೊಡೆಯುವುದಲ್ಲ, ಪ್ರತಿ ಸಲವೂ ಹೊಂದಿಸಿಕೊಳ್ಳುವುದು.

ಇನ್ನು ಕೈ ಹಿಡಿಯುವ ವಿಚಾರ. ತೋಳು ಹಿಡಿದು ಮೇಲಕ್ಕೆತ್ತಿದರೆ ತೂಕವೆಲ್ಲ ನಮ್ಮ ಕೈಗೆ ಬರುತ್ತದೆ, ಕಾಲಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಬೆರಳ ತುದಿ ಮುಟ್ಟಿಸಿದರೂ ಸಾಕು. ಅಷ್ಟು ಹಗುರ ಸ್ಪರ್ಶ ಭಾರ ಹೊರುವುದಿಲ್ಲ, ದೇಹ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ಹೇಳುತ್ತದೆ. ಅಷ್ಟರಿಂದಲೇ ಓಲಾಟ ಕಡಿಮೆಯಾಗುವುದನ್ನು ಪ್ರಯೋಗಗಳು ತೋರಿಸಿವೆ.

ಎಷ್ಟು ಅಭ್ಯಾಸ ಬೇಕು? 12ರಿಂದ 19 ತಿಂಗಳ ಕೂಸುಗಳು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬೀಳುತ್ತವೆಂದು ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಲೆಕ್ಕಹಾಕಿದರು. ಫಿಸಿಯೋಥೆರಪಿಯ ಅರ್ಧ ಗಂಟೆಯಲ್ಲಿ ಇದು ಮುಗಿಯುವ ಬಾಬತ್ತಲ್ಲ. ಅಭ್ಯಾಸ ದಿನದ ಕೆಲಸಗಳೊಳಗೇ ನುಸುಳಬೇಕು. ಮಗು ಕೂತು ಹಾಕಿಕೊಳ್ಳುತ್ತಿದ್ದ ಚಡ್ಡಿಯನ್ನು ಗೋಡೆಗೆ ಬೆನ್ನು ಆನಿಸಿ ನಿಂತು ಹಾಕಿಕೊಳ್ಳಲಿ. ಕೆಲವು ವಾರ ಕಳೆದ ಮೇಲೆ, ಗೋಡೆಯಿಂದ ಗೇಣು ದೂರ.